ಬಿಸಿಲಿನ ಅಂಗಳಕ್ಕೆ ಟೇಬಲ್ ರೋಸ್

ಪ್ರಶ್ನೆ: ಮನೆ ಮುಂದೆ ಸ್ವಲ್ಪ ಜಾಗವಿದೆ, ಎರೆ ಮಣ್ಣು, ಇಡೀ ದಿನ ಬಿಸಿಲು. ಹಾಕಿಸಿದ್ದ ಹುಲ್ಲು ಬೇಸಿಗೆಯಲ್ಲಿ ಒಣಗಿಹೋಯಿತು. ದಿನಾ ನೀರು ಹಾಕಲು ಆಗುವುದಿಲ್ಲ. ನರ್ಸರಿಯವರು ಹಳದಿ ಹೂವಿನ ವೆಡೇಲಿಯಾ ಹಾಕಿ, ತಾನೇ ಹಬ್ಬುತ್ತೆ ಅಂತಾರೆ. ಹಾಕಬಹುದಾ?
– ಓದುಗರು, ಗದಗ

ಉತ್ತರ: ದಯವಿಟ್ಟು ವೆಡೇಲಿಯಾ ಬೇಡ. ತಾನೇ ಹಬ್ಬುತ್ತೆ ಅನ್ನೋದು ನಿಜ, ತೊಂದರೆ ಇರುವುದೂ ಅಲ್ಲೇ. ಅದರ ಬಳ್ಳಿಯ ಗೆಣ್ಣು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ, ನಿಮ್ಮ ಅಂಗಳ ಮುಗಿದ ಮೇಲೆ ಚರಂಡಿ, ಆಮೇಲೆ ಪಕ್ಕದ ಖಾಲಿ ಸೈಟು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ, ಬಂಡೀಪುರದ ಕಾಡು ತುಂಬಿಕೊಂಡಿರುವ ಲಂಟಾನವೂ ಇದೆ.

ನಿಮ್ಮ ಜಾಗಕ್ಕೆ ಟೇಬಲ್ ರೋಸ್ ಹಾಕಿ. ನಾವು ಸಾರಿಗೆ ಹಾಕುವ ಗೋಣಿ ಸೊಪ್ಪಿನ ಹತ್ತಿರದ ನೆಂಟ ಇದು. ದಪ್ಪನೆಯ ಕಡ್ಡಿ, ಎಲೆಗಳಲ್ಲೇ ನೀರು ಹಿಡಿದಿಟ್ಟುಕೊಳ್ಳುವುದರಿಂದ ಬಿಸಿಲಿಗೆ ಜಗ್ಗುವುದಿಲ್ಲ. ಆದರೆ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ನಿಮ್ಮದು ಎರೆ ಮಣ್ಣು ಬೇರೆ, ಮಳೆ ಬಂದರೆ ಬೇಗ ಆರುವುದಿಲ್ಲ ಅಲ್ವಾ, ಹಾಗಾಗಿ ನೆಲಕ್ಕೇ ನೇರ ನೆಡಬೇಡಿ. ಮರಳು, ಕೆಂಪು ಮಣ್ಣು, ಸ್ವಲ್ಪ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ಅರ್ಧ ಅಡಿ ಎತ್ತರದ ಮಡಿ ಮಾಡಿಕೊಳ್ಳಿ. ಗೊಬ್ಬರ ಜಾಸ್ತಿಯಾದರೆ ಬರೀ ಸೊಪ್ಪು, ಹೂವಿಲ್ಲ.

ಸಸಿಗೆ ದುಡ್ಡು ಸುರಿಯಬೇಕಾಗಿಲ್ಲ. ಪರಿಚಯದವರ ಮನೆಯಿಂದ ನಾಲ್ಕು ಬಣ್ಣದ ಕಡ್ಡಿ ಕೇಳಿ ತನ್ನಿ. ಬೆರಳುದ್ದ ಚಿವುಟಿ, ಕೆಳಗಿನ ಎಲೆ ಬಿಡಿಸಿ, ಅರ್ಧ ಅಡಿಗೊಂದು ಚುಚ್ಚಿ. ಒಂದೆರಡು ವಾರದಲ್ಲಿ ಬೇರು ಹಿಡಿಯುತ್ತದೆ. ಅಲ್ಲಿವರೆಗೆ ಮಣ್ಣು ತುಸು ತೇವವಿರಲಿ, ಆಮೇಲೆ ಮೇಲ್ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು.

ನಿಜವಾದ ಕೆಲಸ ಇರುವುದು ನೆಡುವ ಮುಂಚೆ. ಜೇಕಿನ ಗಡ್ಡೆ ಮಣ್ಣಲ್ಲಿದ್ದರೆ ಅಗೆದು ಆರಿಸಿ ತೆಗೆಯಿರಿ, ಟೇಬಲ್ ರೋಸ್ ನಡುವೆ ಜೇಕು ಎದ್ದರೆ ಕೀಳಲು ಹೋಗಿ ಹೂಗಿಡವೂ ಕೈಗೆ ಬರುತ್ತದೆ. ಗಿಡ ವಯಸ್ಸಾಗಿ ಬುಡದಲ್ಲಿ ಎಲೆ ಉದುರಿ ಬೋಳಾದರೆ ಮೂರನೇ ಎರಡು ಭಾಗ ಕತ್ತರಿಸಿಬಿಡಿ, ಆ ತುಂಡುಗಳನ್ನೇ ಮತ್ತೆ ನೆಡಿ. ಜಡಿಮಳೆಗೆ ಮೊದಲು ಪ್ರತಿ ಬಣ್ಣದ ನಾಲ್ಕು ಕಡ್ಡಿ ಕುಂಡದಲ್ಲಿ ನೆಟ್ಟು, ಮಳೆ ತಾಗದ ಬೆಳಕಿನ ಜಾಗದಲ್ಲಿಡಿ.

ಪ್ರಶ್ನೆ: ನಮ್ಮ ಟೇಬಲ್ ರೋಸ್ ಮಧ್ಯಾಹ್ನದ ಹೊತ್ತಿಗೇ ಮುದುಡುತ್ತದೆ, ಮೋಡವಿದ್ದರೆ ಅರಳುವುದೇ ಇಲ್ಲ. ರೋಗವೇ?
– ಓದುಗರು, ತುಮಕೂರು

ಉತ್ತರ: ರೋಗ ಅಲ್ಲ, ಅದರ ಗುಣವೇ ಹಾಗೆ. ಒಂದು ಹೂವಿನ ಆಯಸ್ಸು ಒಂದೇ ದಿನ, ಅದೂ ಬಿಸಿಲಿದ್ದರೆ. ಸುಮ್ನೆ ಔಷಧಿ ಹೊಡೆಯಬೇಡಿ. ಎಲೆ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಮಾತ್ರ ಅದು ಹಿಟ್ಟು ತಿಗಣೆ, ಆ ಕಡ್ಡಿಗಳನ್ನು ಕತ್ತರಿಸಿ ದೂರ ಎಸೆದು, ಉಳಿದ ಗಿಡಕ್ಕೆ ಬೇವಿನೆಣ್ಣೆ ಬೆರೆಸಿದ ಸೋಪಿನ ನೀರನ್ನು ಸಂಜೆ ಹೊತ್ತು ಸಿಂಪಡಿಸಿ.