ಅಂಗಡಿ ಮೆಟ್ಟಿಲಿನ ಹತ್ತು ನಿಮಿಷ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

"ಮೇಡಂ, ಮನೇಲಿ ಯಾರೋ ತೀರಿಕೊಂಡ ಹಾಗಿದೆ. ಆದರೆ ಹೇಳಿಕೊಂಡರೆ ಜನ ನಗ್ತಾರೆ."

ನನ್ನ ಹತ್ತಿರ ಸಲಹೆಗೆ ಬಂದು ಹೀಗೆಂದವರಿಗೆ 48 ವರ್ಷ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾರೆ. 24 ವರ್ಷ ಸೇದಿದ ಸಿಗರೇಟನ್ನು ನಿಕೋಟಿನ್ ಗಮ್ (ಸಿಗರೇಟಿನ ಆಸೆ ತಗ್ಗಿಸಲು ಜಗಿಯುವಂಥದ್ದು) ಸಹಾಯದಿಂದ ಬಿಟ್ಟು ನಾಲ್ಕು ತಿಂಗಳಾಗಿತ್ತು. ಈಗ ಗಮ್ಮೂ ನಿಂತಿತ್ತು. ಮನೆಯವರೆಲ್ಲ ಖುಷಿಯಾಗಿದ್ದರು, ಇವರೊಬ್ಬರನ್ನು ಬಿಟ್ಟು. "ಇಷ್ಟು ದೊಡ್ಡ ಕೆಲಸ ಮಾಡಿದ್ದೀರಿ, ಮುಖ ಯಾಕೆ ಹೀಗೆ?" ಅಂತ ಹೆಂಡತಿ ಕೇಳಿದಾಗಲೆಲ್ಲ ಇನ್ನಷ್ಟು ಸಂಕಟ.

ಸಿಗರೇಟು ಬಿಟ್ಟಾಗಿನ ಸಿಡುಕು, ಚಡಪಡಿಕೆ ಮೊದಲ ವಾರ ಜಾಸ್ತಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಇವರು ಅದನ್ನು ದಾಟಿ ಬಂದಿದ್ದರು. ಖಿನ್ನತೆ ಇರಬಹುದಾ ಅಂತ ಮೊದಲು ನೋಡಿದೆ. ಊಟ ಸೇರುತ್ತಿತ್ತು, ವ್ಯಾಪಾರದಲ್ಲಿ ಮನಸ್ಸಿತ್ತು, ಮಗಳ ಜೊತೆ ನಗುತ್ತಿದ್ದರು. ನಿದ್ದೆ ಮಾತ್ರ ಸರಿ ಇರಲಿಲ್ಲ. (ಎರಡು ವಾರವಾದರೂ ಯಾವುದೂ ಬೇಡ ಅನ್ನುವವರನ್ನು, ಬದುಕೇ ಬೇಡ ಅನ್ನಿಸುವವರನ್ನು ತಡ ಮಾಡದೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ.)

"ದಿನದ ಯಾವ ಸಿಗರೇಟು ಜಾಸ್ತಿ ನೆನಪಾಗುತ್ತೆ?"

ಯೋಚಿಸಲೇ ಇಲ್ಲ. ರಾತ್ರಿ ಒಂಬತ್ತಕ್ಕೆ ಷಟರ್ ಎಳೆದ ಮೇಲೆ ಮೆಟ್ಟಿಲ ಮೇಲೆ ಕೂತು ಸೇದುತ್ತಿದ್ದದ್ದು. ಗಿರಾಕಿ, ಸಾಲದವರು, ಮನೆಯವರು, ಯಾರೂ ಏನೂ ಕೇಳದ ಹತ್ತು ನಿಮಿಷ. ಆರು ವರ್ಷದ ಹಿಂದೆ ತಂದೆ ಹೋದಾಗಲೂ ಮನೆಯಲ್ಲಿ ಅಳಲಿಲ್ಲ, ಇಲ್ಲೇ ಬಂದು ಸುಮ್ನೆ ಕೂತು ಸೇದಿದ್ದರಂತೆ. ಈಗ ಷಟರ್ ಎಳೆದರೆ ಸೀದಾ ಮನೆ. ಸಿಗರೇಟಿನ ಜೊತೆಗೆ ಆ ಮೆಟ್ಟಿಲನ್ನೂ ಬಿಟ್ಟಿದ್ದರು.

ಶುರುವಿನಲ್ಲಿ ಅಂಥ ಜಾಗದಿಂದ ದೂರ ಇರುವುದು ಸರಿಯೇ. ಆದರೆ ನಾಲ್ಕು ತಿಂಗಳಾಯಿತು, ಆ ಹತ್ತು ನಿಮಿಷವನ್ನು ವಾಪಸ್ ತಗೊಳ್ಳಿ ಅಂದೆ. ಜೇಬಿನಲ್ಲಿ ಬೆಂಕಿಪೊಟ್ಟಣ ಕೂಡ ಇರಬಾರದು. ಮೊದಲ ವಾರ ಪಕ್ಕದ ಅಂಗಡಿಯ ಗೆಳೆಯರು ಜೊತೆಗಿರಲಿ, ಅವರು ಸೇದುವವರಲ್ಲ. ಕೈಗೊಂದು ಕೆಲಸ ಬೇಕಲ್ವಾ? ಹುರಿದ ಕಡಲೆಕಾಯಿ ಬಿಡಿಸುತ್ತಾ ಕೂರಿ. ಆಸೆ ಎದ್ದರೆ ಗಡಿಯಾರ ನೋಡಿ, ಕೆಲವು ನಿಮಿಷದಲ್ಲಿ ತಗ್ಗುತ್ತದೆ. "ಒಂದೇ ಒಂದು" ಅಂತ ಮನಸ್ಸು ಹೇಳಿದರೆ ಮಾತ್ರ ಒಪ್ಪಬೇಡಿ. ತೀರಾ ಕಷ್ಟವಾದರೆ 1800-11-2356ಕ್ಕೆ ಫೋನ್ ಮಾಡಿ. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ ಅದು, ಕರೆ ಉಚಿತ.

ನಿದ್ದೆಯ ವಿಷಯ ಕೆದಕಿದಾಗ ದಿನಕ್ಕೆ ಆರು ಲೋಟ ಕಾಫಿ ಹೊರಬಂತು. ಇದು ತುಂಬಾ ಜನಕ್ಕೆ ಗೊತ್ತಿಲ್ಲ: ಸೇದುವವರ ಲಿವರ್ ಕೆಫೀನನ್ನು ಬೇಗ ಕರಗಿಸುತ್ತದೆ. ಬಿಟ್ಟ ಮೇಲೆ ಅದೇ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಮೂರು ಲೋಟಕ್ಕೆ ಇಳಿಸಿ, ಸಂಜೆ ಮೇಲೆ ಬೇಡವೇ ಬೇಡ ಅಂದೆ.

ಹೆಂಡತಿಯನ್ನೂ ಕರೆಸಿದೆ. "ಖುಷಿಪಡಿ ಅಂತ ಒತ್ತಾಯಿಸಬೇಡಿ. ಇವರಿಗೆ ನಿಜಕ್ಕೂ ಏನೋ ಕಳೆದುಹೋಗಿದೆ. ರಾತ್ರಿ ಹತ್ತು ನಿಮಿಷ ತಡವಾದರೆ ಫೋನ್ ಮಾಡದೆ ಕಾಯಿರಿ." ಅವರು ತಲೆಯಾಡಿಸಿದರು. ಗಂಡನ ಕಣ್ಣು ತುಂಬಿತ್ತು.

ಒಂದು ತಿಂಗಳ ಮೇಲೆ ಮತ್ತೆ ಬಂದರು. ಸೇದಿರಲಿಲ್ಲ. ಎರಡನೇ ವಾರ ಒಬ್ಬರೇ ಕೂತಿದ್ದಾಗ ತಂದೆ ನೆನಪಾಗಿ ಅತ್ತುಬಿಟ್ಟರಂತೆ. ನಿದ್ದೆ ಈಗ ಪರವಾಗಿಲ್ಲ.

"ಮೊನ್ನೆ ಮಗಳು ಟ್ಯೂಷನ್ ಮುಗಿಸಿ ಬಂದು ಪಕ್ಕದಲ್ಲೇ ಕೂತಳು ಮೇಡಂ. ಮೊದಲೆಲ್ಲ ಹೊಗೆ ಅಂತ ನಾನೇ ಅವಳನ್ನ ದೂರ ಕಳಿಸ್ತಿದ್ದೆ. ಕಡಲೆಕಾಯಿ ಅರ್ಧ ಅವಳೇ ಖಾಲಿ ಮಾಡಿದಳು."