ಹಕ್ಕಿ ಪ್ರಶ್ನೋತ್ತರ: ಸಾವಿರ ಗಲ್‌ಗಳಲ್ಲಿ ಆ ಒಂದು

ಪ್ರಶ್ನೆ: ನಾನು ಧಾರವಾಡದವನು, ಈಗ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇನೆ. ಡಿಸೆಂಬರ್ ಬಂತೆಂದರೆ ನನ್ನ ಆಫೀಸಿನ ಇಬ್ಬರು ನಯಾಗರಾಕ್ಕೆ ಓಡುತ್ತಾರೆ. ಜಲಪಾತ ನೋಡೋಕಲ್ಲ, ಯಾವುದೋ ಅಪರೂಪದ ಗಲ್ (ಕಡಲಹಕ್ಕಿ) ಹುಡುಕೋಕೆ! ಈ ಸಲ ನನ್ನನ್ನೂ ಕರೆದಿದ್ದಾರೆ. ಆ ಚಳಿಯಲ್ಲಿ ಹೋಗುವಂಥದ್ದು ಅಲ್ಲಿ ಏನಿದೆ? ನನಗೆ ಎಲ್ಲ ಗಲ್‌ಗಳೂ ಒಂದೇ ಥರ ಕಾಣುತ್ತವೆ.

ಉತ್ತರ: ಸುಮ್ನೆ ಹೋಗಿಬನ್ನಿ. ಕರೆದುಕೊಂಡು ಹೋಗುವವರು ಸಿಗುವುದೇ ಅಪರೂಪ.

ನಾನು ಅಲ್ಲಿಗೆ ಹೋಗಿದ್ದು ಮಗಳ ಬಾಣಂತನದ ನೆಪದಲ್ಲಿ. ಅವಳು ಹ್ಯಾಮಿಲ್ಟನ್‌ನಲ್ಲಿದ್ದಾಳೆ. ಮಗುವಿಗೆ ಎಣ್ಣೆ ನೀರು ಹಾಕಿ ಮಲಗಿಸಿದ ಮೇಲೆ ಅಳಿಯ ಕಾರು ತೆಗೆದ. ಅವನದೇ ಬೂಟು, ಒಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ, ಮೇಲೆ ಮಗಳ ದಪ್ಪ ಕೋಟು. ಕುಂದಾಪುರದಲ್ಲಿ ಯಾರಾದರೂ ನನ್ನನ್ನು ಆ ವೇಷದಲ್ಲಿ ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ.

ಹುಚ್ಚಿಗೆ ಕಾರಣ ಇದೆ. ನಯಾಗರಾ ದೊಡ್ಡ ನದಿಯೇನಲ್ಲ. ಈರಿ ಸರೋವರದಿಂದ ಒಂಟಾರಿಯೋ ಸರೋವರಕ್ಕೆ ಸುಮಾರು 58 ಕಿಲೋಮೀಟರ್ ಹರಿಯುತ್ತದೆ, ಅಷ್ಟೆ. ಆದರೆ ನೀರಿನ ಓಟ ಜೋರು. ಸುತ್ತಲಿನ ಕೆರೆ, ಕೊಳ್ಳ ಎಲ್ಲ ಹೆಪ್ಪುಗಟ್ಟಿದರೂ ಇಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಜೊತೆಗೆ ಎರಡೂ ದಡದಲ್ಲಿ ದೊಡ್ಡ ವಿದ್ಯುತ್ ಕೇಂದ್ರಗಳಿವೆ: ಕೆನಡಾ ಕಡೆ ಸರ್ ಆಡಂ ಬೆಕ್, ಅಮೆರಿಕದ ಕಡೆ ರಾಬರ್ಟ್ ಮೋಸಸ್. ಟರ್ಬೈನ್ ದಾಟಿ ಬರುವ ಸಣ್ಣ ಮೀನುಗಳು ತಲೆ ತಿರುಗಿದಂತಾಗಿ ಮೇಲಕ್ಕೆ ತೇಲುತ್ತವೆ. ಗಲ್‌ಗಳಿಗೆ ಕೂತಲ್ಲೇ ಊಟ. ಕನಿಷ್ಠ 19 ಜಾತಿಯ ಗಲ್‌ಗಳು ಈ ಒಂದು ನದಿಯಲ್ಲಿ ಕಂಡಿವೆ. 1996ರಲ್ಲೇ ಇದನ್ನು ಜಾಗತಿಕ ಮಹತ್ವದ ಹಕ್ಕಿ ತಾಣ ಎಂದು ಗುರುತಿಸಿದರು.

ನಿಮ್ಮ ಸ್ನೇಹಿತರು ನಿಮ್ಮನ್ನು ಮೊದಲು ಬೆಕ್ ಕೇಂದ್ರದ ಮೇಲಿನ ರಸ್ತೆ ಬದಿಗೆ ಕರೆದೊಯ್ಯಬಹುದು. ಮಧ್ಯಾಹ್ನದ ಮೇಲೆ ಹೋದರೆ ವಾಸಿ, ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ನೀವು ಮೇಲೆ, ಹಕ್ಕಿಗಳು ಆಳದ ಕಮರಿಯಲ್ಲಿ ಕೆಳಗೆ. ನಮ್ಮ ಕಡಲತೀರದಲ್ಲಿ ಯಾವಾಗಲೂ ಗಲ್‌ನ ಹೊಟ್ಟೆ ನೋಡುತ್ತೇವೆ, ಇಲ್ಲಿ ಬೆನ್ನು ಕಾಣುತ್ತದೆ. ಇದು ದೊಡ್ಡ ಅನುಕೂಲ, ಯಾಕಂದರೆ ಬೆನ್ನಿನ ಬೂದು ಎಷ್ಟು ತಿಳಿ, ಎಷ್ಟು ಗಾಢ ಎನ್ನುವುದೇ ಗಲ್ ಗುರುತಿಸುವ ಮೊದಲ ಪಾಠ.

ಈಗ ನಿಮ್ಮ ಭಯಕ್ಕೆ ಬರೋಣ. ಅಪರೂಪದ್ದನ್ನು ಹುಡುಕಲೇಬೇಡಿ. ಮೊದಲ ಒಂದು ಗಂಟೆ ಹೆರ್ರಿಂಗ್ ಗಲ್ ಒಂದನ್ನೇ ನೋಡಿ. ದೊಡ್ಡ ಹಕ್ಕಿ, ತಿಳಿ ಬೂದು ಬೆನ್ನು, ರೆಕ್ಕೆಯ ತುದಿ ಕಪ್ಪು, ಕಾಲು ಗುಲಾಬಿ. ಅದು ಬೇಜಾರಾಗುವಷ್ಟು ಪರಿಚಯವಾಗಬೇಕು. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ‘ಈ ಗುಂಪಿನಲ್ಲಿ ರೆಕ್ಕೆ ತುದಿಯಲ್ಲಿ ಕಪ್ಪು ಇಲ್ಲದ್ದು ಯಾವುದು?’ ಸಿಕ್ಕರೆ ಅದು ಐಸ್‌ಲ್ಯಾಂಡ್ ಗಲ್ ಅಥವಾ ಗ್ಲಾಕಸ್ ಗಲ್ ಆಗಿರಬಹುದು. ಎರಡೂ ಉತ್ತರ ಧ್ರುವದ ಕಡೆಯಿಂದ ಬಂದ ನೆಂಟರು. ಮರಿಗಳ ವಿಷಯಕ್ಕೆ ಮಾತ್ರ ಈಗಲೇ ಕೈ ಹಾಕಬೇಡಿ. ದೊಡ್ಡ ಗಲ್‌ಗಳಿಗೆ ಪೂರ್ತಿ ಬಣ್ಣ ಬರಲು ಸುಮಾರು ನಾಲ್ಕು ವರ್ಷ ಬೇಕು, ವರ್ಷಕ್ಕೊಂದು ವೇಷ. ಹಳೇ ಹುಲಿಗಳೇ ಅಲ್ಲಿ ಜಗಳ ಆಡುತ್ತಿರುತ್ತಾರೆ.

ಆಮೇಲೆ ಕ್ವೀನ್‌ಸ್ಟನ್‌ಗೆ ಇಳಿಯಿರಿ. ನನಗೆ ಹುಚ್ಚು ಹಿಡಿಸಿದ ಜಾಗ ಅದು. ಅಲ್ಲಿ ಬೋನಪಾರ್ಟ್ಸ್ ಗಲ್‌ಗಳ ರಾಜ್ಯ. ಇನ್ನೂರು ಗ್ರಾಮಿನ ಹಗುರ ಹಕ್ಕಿಗಳು, ಸಾವಿರಗಟ್ಟಲೆ. (ನೆಪೋಲಿಯನ್ನನ ಹೆಸರಲ್ಲ, ಹಕ್ಕಿ ಶಾಸ್ತ್ರಜ್ಞನಾಗಿದ್ದ ಅವನ ತಮ್ಮನ ಮಗನ ಹೆಸರು. ಗಲ್ ಜಾತಿಯಾಗಿಯೂ ಇದು ಗೂಡು ಕಟ್ಟುವುದು ಮರದ ಮೇಲೆ!) ಇವುಗಳ ನಡುವೆ ಎಲ್ಲರೂ ಹುಡುಕುವುದು ಲಿಟಲ್ ಗಲ್ ಅನ್ನು. ಲೋಕದ ಅತಿ ಚಿಕ್ಕ ಗಲ್ ಅದು. ಗಾತ್ರ ನೋಡಿ ಹುಡುಕಲು ಹೋದರೆ ಸಿಗದು, ರೆಕ್ಕೆಯ ಅಡಿ ನೋಡಬೇಕು. ಬೋನಪಾರ್ಟ್ಸ್‌ನ ರೆಕ್ಕೆಯಡಿ ತಿಳಿಯಾಗಿರುತ್ತದೆ. ಬೆಳೆದ ಲಿಟಲ್ ಗಲ್‌ನದ್ದು ಮಸಿ ಕಪ್ಪು, ಅಂಚಿಗೆ ಬಿಳಿ ಗೆರೆ. ಹಿಂಡು ಒಟ್ಟಿಗೆ ತಿರುಗಿದಾಗ ಬಿಳಿ, ಬಿಳಿ, ಬಿಳಿ, ಥಟ್ಟನೆ ಒಂದು ಕಪ್ಪು. ಅಳಿಯನ ಪಕ್ಕ ನಿಂತಿದ್ದ ಮುದುಕರೊಬ್ಬರು ಏನೂ ಮಾತಾಡದೆ ತಮ್ಮ ಸ್ಕೋಪನ್ನು (ಹಕ್ಕಿ ನೋಡುವ ದೂರದರ್ಶಕ) ನನ್ನ ಕಡೆ ಸರಿಸಿದರು. ಕಣ್ಣಿಟ್ಟೆ. ಉಸಿರಿಗೆ ಕನ್ನಡಕದ ಮೇಲೆ ಮಂಜು. ಒರೆಸಿ ಮತ್ತೆ ನೋಡುವಾಗ ಹಿಂಡು ಸೇತುವೆ ಕಡೆ ಹೋಗಿತ್ತು. ಹತ್ತು ನಿಮಿಷ ಕಾದೆವು. ಅದೇ ಸುತ್ತು ಹಾಕಿ ವಾಪಸ್ ಬಂತು. ಈ ಹಕ್ಕಿಗಳು ಗಾಳಿಗೆದುರಾಗಿ ಮೀನು ಹೆಕ್ಕುತ್ತಾ ಮೇಲಕ್ಕೆ ಹೋಗಿ, ಮತ್ತೆ ಕೆಳಗಿಳಿದು ಅದೇ ದಾರಿ ಹಿಡಿಯುತ್ತವೆ. ಹಾಗಾಗಿ ಬೆನ್ನಟ್ಟಬೇಡಿ, ನಿಂತಲ್ಲೇ ನಿಲ್ಲಿ.

ಸಂಜೆ ಸಮಯ ಇದ್ದರೆ ನಯಾಗರಾ-ಆನ್-ದ-ಲೇಕ್‌ಗೂ ಹೋಗಿ. ರಾತ್ರಿ ತಂಗಲು ಈ ಸಣ್ಣ ಗಲ್‌ಗಳೆಲ್ಲ ನದಿ ಬಾಯಿಯಿಂದ ಒಂಟಾರಿಯೋ ಸರೋವರಕ್ಕೆ ಹೊರಡುತ್ತವೆ. ಎಣಿಸುವವರು ಎಣಿಸುತ್ತಾರೆ, ನಾನು ಥರ್ಮಾಸ್‌ನ ಕಾಫಿ ಕುಡಿಯುತ್ತಾ ನೋಡಿದೆ.

ಪ್ರಶ್ನೆ: ಮಾರ್ಚ್ ಮೊದಲ ವಾರ ಮಲ್ಪೆ ಬಂದರಿನಲ್ಲಿ ಕಪ್ಪು ತಲೆಯ ಗಲ್ ಒಂದನ್ನು ನೋಡಿದೆ. ಉಳಿದವುಗಳ ತಲೆ ಬಿಳಿ. ಮೊಬೈಲಿನಲ್ಲಿ ಹುಡುಕಿದಾಗ ಅರೇಬಿಯಾದ ಕಡೆಯ ಅಪರೂಪದ ‘ಸೂಟಿ ಗಲ್’ ಇರಬಹುದು ಎಂದು ತೋರಿಸಿತು. ಫೋಟೊ ಸ್ಪಷ್ಟವಿಲ್ಲ. ನಾನು ಕಂಡಿದ್ದು ಅದೇನಾ? — ಕಾಲೇಜು ವಿದ್ಯಾರ್ಥಿನಿ, ಉಡುಪಿ

ಉತ್ತರ: ಬಹುಶಃ ಅಲ್ಲ ಕಣಮ್ಮ. ಆದರೆ ಬಂದರಿಗೆ ಹೋಗುವುದು ಬಿಡಬೇಡ.

ಮಲ್ಪೆಯಲ್ಲಿ ಬೋಟು ಬಂದು ಬೂತಾಯಿ, ಬಂಗುಡೆ ಇಳಿಸುವಾಗ ಸುತ್ತ ಹಾರುವ ಸಣ್ಣ ಗಲ್‌ಗಳು ಹೆಚ್ಚಾಗಿ ಕಂದುತಲೆಯವು ಮತ್ತು ಕರಿತಲೆಯವು. ಹೆಸರಲ್ಲಿ ತಲೆಯ ಬಣ್ಣ ಇದ್ದರೂ ಚಳಿಗಾಲದಲ್ಲಿ ಎರಡಕ್ಕೂ ತಲೆ ಬಿಳಿ, ಕಿವಿಯ ಹತ್ತಿರ ಮಸಿಯ ಚುಕ್ಕೆ ಮಾತ್ರ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಂದೊಂದಾಗಿ ತಲೆಗೆ ಬಣ್ಣ ಬರಲು ಶುರುವಾಗುತ್ತದೆ. ಕಂದುತಲೆಯವು ಲಡಾಖ್, ಟಿಬೆಟ್‌ನ ಎತ್ತರದ ಸರೋವರಗಳಿಗೆ ಮರಿ ಮಾಡಲು ಹೊರಡುವ ತಯಾರಿ ಅದು. ಅವಸರದ ಒಂದು ಹಕ್ಕಿ ಉಳಿದವಕ್ಕಿಂತ ಮೊದಲೇ ತಯಾರಾಗಿರುತ್ತದೆ. ನೀನು ಕಂಡಿದ್ದು ಅಂಥದ್ದೇ ಇರಬೇಕು.

ಹಾಗಾದರೆ ಸೂಟಿ ಗಲ್ ಹೇಗಿರುತ್ತದೆ? ತಲೆ ಬಿಟ್ಟು ಬೆನ್ನು ನೋಡು. ಕಂದುತಲೆಯದಕ್ಕೆ ಬೆನ್ನು ತಿಳಿ ಬೂದು, ಎದೆ ಬೆಳ್ಳಗೆ. ಸೂಟಿಗೆ ಬೆನ್ನು ಗಾಢ, ಕಂದು ಬೆರೆತ ಬೂದು. ಎದೆಯೂ ಕೊಳೆಯಾದ ಹಾಗೆ. ಕತ್ತಿನ ಹಿಂದೆ ಅರ್ಧ ಬಿಳಿ ಪಟ್ಟಿ. ಕೊಕ್ಕು ಉದ್ದ, ದಪ್ಪ, ಎರಡು ಬಣ್ಣದ್ದು. ನೋಡಿದ ತಕ್ಷಣ ‘ಇದೇನೋ ಬೇರೆ’ ಅನ್ನಿಸಬೇಕು.

ಇನ್ನೊಂದು ಮೋಸ ಇದೆ. ಮೈಯೆಲ್ಲ ಕಂದು ಚುಕ್ಕಿಯ ದೊಡ್ಡ ಗಲ್ ಬಂದರೆ ಅದನ್ನೂ ಸೂಟಿ ಎಂದು ಬರೆದು ಕಳಿಸುವವರಿದ್ದಾರೆ. ಸಾಮಾನ್ಯವಾಗಿ ಅದು ಹ್ಯೂಗ್ಲಿನ್ಸ್ ಗಲ್‌ನ ಮರಿ, ರಷ್ಯಾದ ಉತ್ತರದಿಂದ ಬಂದದ್ದು.

ಮುಂದಿನ ಸಲ ಫೋಟೊ ತೆಗೆಯುವಾಗ ಮುಖಕ್ಕೆ ಜೋತು ಬೀಳಬೇಡ. ರೆಕ್ಕೆ ಬಿಚ್ಚಿದ್ದು ಒಂದು, ಬಾಲ ಒಂದು, ಕಾಲು ಕಾಣುವಂತೆ ಒಂದು. ಮಸುಕಾದರೂ ಪರವಾಗಿಲ್ಲ. ಕಂದುತಲೆಯದಕ್ಕೆ ರೆಕ್ಕೆಯ ಕಪ್ಪು ತುದಿಯಲ್ಲಿ ‘ಕನ್ನಡಿ’, ಅಂದರೆ ಬಿಳಿ ಮಚ್ಚೆ ಇರುತ್ತದೆ. ಕರಿತಲೆಯದಕ್ಕೆ ರೆಕ್ಕೆಯ ಮುಂದಿನ ಅಂಚು ಉದ್ದಕ್ಕೂ ಬಿಳಿ. ಇವೆರಡು ಗೊತ್ತಾದರೆ ಬಂದರಿನ ಅರ್ಧ ಹಕ್ಕಿ ಮುಗಿಯಿತು. ಅಷ್ಟಾದ ಮೇಲೆ ನಿಜಕ್ಕೂ ಬೇರೆ ಹಕ್ಕಿ ಬಂದರೆ ಅದೇ ನಿನ್ನ ಕಣ್ಣಿಗೆ ಚುಚ್ಚುತ್ತದೆ. ಆಗ ಹಕ್ಕಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಫೋಟೊ ಹಾಕಿ ಹಿರಿಯರ ಅಭಿಪ್ರಾಯ ಕೇಳು. ಬಂದರಿನ ಮೀನುಗಾರರನ್ನೂ ಕೇಳು, ಯಾವ ಹಕ್ಕಿ ಯಾವ ಬೋಟಿನ ಹಿಂದೆ ಬಂತು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಒಂದು ಗಲ್ ಪೇಪರಿನ ಮುಖಪುಟಕ್ಕೆ ಬಂದಿತ್ತು ಎಂದು ಎಲ್ಲೋ ಕೇಳಿದೆ. ನಿಜವೇ? — ಓದುಗರು, ಶಿವಮೊಗ್ಗ

ಉತ್ತರ: ನಿಜ. 1975ರಲ್ಲಿ, ಅಮೆರಿಕದ ಬಾಸ್ಟನ್‌ನ ಉತ್ತರಕ್ಕಿರುವ ನ್ಯೂಬರಿಪೋರ್ಟ್‌ನಲ್ಲಿ. ಮೆರಿಮ್ಯಾಕ್ ನದಿ ಬಾಯಿಯಲ್ಲಿ, ಬೋನಪಾರ್ಟ್ಸ್ ಗಲ್‌ಗಳ ಜೊತೆ ಸೇರಿಕೊಂಡು ಒಂದು ರಾಸ್ ಗಲ್ ಇತ್ತು. ಜನವರಿಯಲ್ಲೇ ಕಂಡಿತ್ತು. ಆದರೆ ಅದು ರಾಸ್ ಗಲ್ ಎಂದು ಗಟ್ಟಿಯಾಗಿದ್ದು ಮಾರ್ಚ್ ಆರಂಭದಲ್ಲಿ. ಆಮೇಲೆ ದೇಶದ ಮೂಲೆ ಮೂಲೆಯಿಂದ ಜನ ಬಂದರು. ಹಕ್ಕಿ ಗುರುತಿಸುವ ಕೈಪಿಡಿಗಳಿಗೆ ಹೆಸರಾದ ರಾಜರ್ ಟೋರಿ ಪೀಟರ್ಸನ್ ಸಹ ಬಂದರು. ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಸುದ್ದಿ ಬಂತು.

ಇಷ್ಟೆಲ್ಲ ಯಾಕೆ ಅಂತೀರಾ? 1823ರಲ್ಲಿ ಧ್ರುವ ಯಾತ್ರೆ ಹೋಗಿದ್ದ ಜೇಮ್ಸ್ ಕ್ಲಾರ್ಕ್ ರಾಸ್‌ಗೆ ಸಿಕ್ಕ ಹಕ್ಕಿ ಇದು. ಎದೆಗೆ ತೆಳು ಗುಲಾಬಿ ಬಣ್ಣ, ಬಾಲದ ತುದಿ ಚೂಪು. ಎಲ್ಲಿ ಮರಿ ಮಾಡುತ್ತದೆ ಎನ್ನುವುದು 80 ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ತಿಳಿಯಲಿಲ್ಲ. 1905ರಲ್ಲಿ ರಷ್ಯಾದ ಸೆರ್ಗೆಯ್ ಬುಟುರ್ಲಿನ್ ಸೈಬೀರಿಯಾದ ಕೊಲಿಮಾ ನದಿಯ ಮುಖಜ ಭೂಮಿಯಲ್ಲಿ ಗೂಡು ಕಂಡರು. ಅಂಥ ಹಕ್ಕಿ ಊರ ಪಕ್ಕದ ನದಿಗೆ ಬಂದರೆ ಯಾರು ಮನೆಯಲ್ಲಿ ಕೂರುತ್ತಾರೆ ಹೇಳಿ? ನನಗೆ ಇಷ್ಟವಾಗುವ ಸಂಗತಿ ಬೇರೆ: ಗುರುತು ಗಟ್ಟಿಯಾಗುವ ಮುಂಚೆ ಸುಮಾರು ಏಳು ವಾರ ಅದು ಎಲ್ಲರ ಕಣ್ಣೆದುರೇ ಇತ್ತು.

ಪ್ರಶ್ನೆ: ನಮ್ಮವರು ರಜೆ ಬಂದರೆ ಹೊನ್ನಾವರಕ್ಕೆ ಹೋಗಿ ಶರಾವತಿ ಅಳಿವೆಯಲ್ಲಿ ಕೂರುತ್ತಾರೆ. ಸಂಜೆ ಬಂದು ‘ಏನೂ ಸಿಗಲಿಲ್ಲ’ ಅನ್ನುತ್ತಾರೆ. ಸಿಗದೇ ಇದ್ದರೆ ಹೋಗುವುದು ಯಾಕೆ? — ಗೃಹಿಣಿ, ಸಾಗರ

ಉತ್ತರ: ‘ಏನೂ ಸಿಗಲಿಲ್ಲ’ ಎಂದರೆ ಹೊಸದು ಸಿಗಲಿಲ್ಲ ಅಂತ ಅರ್ಥ. ನೋಟ್ ಪುಸ್ತಕ ತೆಗೆಸಿ ನೋಡಿ, ಮೂವತ್ತು ಹಕ್ಕಿಯ ಹೆಸರಿರುತ್ತದೆ. ಇಲ್ಲದಿದ್ದರೆ ಮಾತ್ರ ನಿಮ್ಮ ಅನುಮಾನಕ್ಕೆ ಅರ್ಥವಿದೆ. ಒಂದು ಸಲ ನೀವೂ ಜೊತೆಗೆ ಹೋಗಿ. ಬುತ್ತಿ ಮಾತ್ರ ಅವರೇ ಕಟ್ಟಲಿ.

ಪ್ರಶ್ನೆ: ಗಲ್ ನೋಡಲು ಎಂಥ ಬೈನಾಕ್ಯುಲರ್ ತಗೊಳ್ಳಲಿ? — ಓದುಗರು, ಕಾರವಾರ

ಉತ್ತರ: 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಇರುವಂಥದ್ದು) ಸಾಕು. 12 ಪಟ್ಟಿನದು ಬೇಡ, ಕಡಲ ಗಾಳಿಗೆ ಕೈ ನಡುಗಿ ಏನೂ ಕಾಣುವುದಿಲ್ಲ. ಉಪ್ಪುಗಾಳಿಯಲ್ಲಿ ನೋಡಿ ಬಂದ ದಿನ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಧೂಳು ಊದಿಸಿ, ಆಮೇಲೆ ಒದ್ದೆ ಬಟ್ಟೆ. ಸ್ಕೋಪ್ ಬೇಕೆನಿಸಿದರೆ ಈಗಲೇ ಕೊಳ್ಳಬೇಡಿ, ಇದ್ದವರ ಪಕ್ಕ ಹೋಗಿ ನಿಲ್ಲಿ.