ಸಂಪಾದಕರ ಉತ್ತರ: ರೊಮೇನಿಯಾದ ಚುನಾವಣೆ ಕೆಟ್ಟದ್ದು ಟಿಕ್‌ಟಾಕ್‌ನಿಂದಲೇ?

ರೊಮೇನಿಯಾದ ಅಧ್ಯಕ್ಷೀಯ ಚುನಾವಣೆ ರದ್ದಾದ ಕುರಿತ ಕಳೆದ ಸಂಚಿಕೆಯ ಟಿಪ್ಪಣಿ ಓದಿದ ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: ‘ಎರಡು ವಾರದ ವಿಡಿಯೊಗಳು ಒಬ್ಬನನ್ನು ಮೊದಲ ಸ್ಥಾನಕ್ಕೆ ತರಬಲ್ಲವೇ? ಕಮ್ಯುನಿಸ್ಟ್ ಆಡಳಿತದಲ್ಲಿ ಬೆಳೆದ ಜನ ಪ್ರಚಾರಕ್ಕೆ ಬೇಗ ಮರುಳಾಗುತ್ತಾರೆಯೇ? ನಮ್ಮ ಹಾಗೆ ಆ್ಯಪ್ ನಿಷೇಧಿಸಿದ್ದರೆ ಮುಗಿಯುತ್ತಿತ್ತಲ್ಲ?’

ಮಾನ್ಯರೇ,

ನಿಮ್ಮ ಎರಡನೇ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಎಡವಟ್ಟಾದದ್ದು ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ 1989ಕ್ಕಿಂತ ಮುಂಚಿನ ಅಭ್ಯಾಸದಿಂದಲ್ಲ, ಆಮೇಲೆ ಬೆಳೆದ ಅಭ್ಯಾಸದಿಂದ. ದುಡ್ಡು ಕೊಟ್ಟು ಆಡಿಸಿದ ಮಾತಿಗೆ ಕೊಟ್ಟವರ ಹೆಸರು ಹಾಕದಿರುವ ಅಭ್ಯಾಸ ಅದು.

2024ರ ನವೆಂಬರ್ 24ರ ಮೊದಲ ಸುತ್ತಿನಲ್ಲಿ ಬಲಪಂಥೀಯ ಪಕ್ಷೇತರ ಅಭ್ಯರ್ಥಿ ಕಲಿನ್ ಜಾರ್ಜೆಸ್ಕು ಶೇ 22.94 ಮತ ಪಡೆದರು. ಎಲೆನಾ ಲಸ್ಕೋನಿ ಅವರಿಗೆ ಶೇ 19.18, ಪ್ರಧಾನಿ ಮಾರ್ಸೆಲ್ ಚೊಲಾಕು ಅವರಿಗೆ ಶೇ 19.15. ಜಾರ್ಜೆಸ್ಕು ಘೋಷಿಸಿದ ಪ್ರಚಾರ ವೆಚ್ಚ ಸೊನ್ನೆ! ಡಿಸೆಂಬರ್ 6ರಂದು ಸಂವಿಧಾನ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಮೊದಲಿಬ್ಬರ ನಡುವಿನ ಎರಡನೇ ಸುತ್ತಿಗೆ ಆಗ ಎರಡೇ ದಿನ ಉಳಿದಿತ್ತು. ಹೊರದೇಶಗಳಲ್ಲಿರುವ ರೊಮೇನಿಯನ್ನರು ಆಗಲೇ ಮತ ಹಾಕತೊಡಗಿದ್ದರು.

ಡಿಸೆಂಬರ್ 4ರಂದು ಅಧ್ಯಕ್ಷ ಕ್ಲಾಸ್ ಯೊಹಾನಿಸ್ ಬಹಿರಂಗಪಡಿಸಿದ, ಈ ರದ್ದತಿಗೆ ಆಧಾರವಾದ ಗುಪ್ತಚರ ಕಡತಗಳ ಪ್ರಕಾರ, ಮತದಾನಕ್ಕೆ ಎರಡು ವಾರ ಇರುವಾಗ ಸುಮಾರು 25 ಸಾವಿರ ಟಿಕ್‌ಟಾಕ್ ಖಾತೆಗಳು ಒಮ್ಮೆಲೇ ಚುರುಕಾದವು. ಅವುಗಳಲ್ಲಿ 797 ಖಾತೆಗಳನ್ನು 2016ರಲ್ಲೇ ತೆರೆದು, ಹೆಚ್ಚುಕಡಿಮೆ ಸುಮ್ಮನೆ ಬಿಟ್ಟಿದ್ದರು. ಟಿಕ್‌ಟಾಕ್‌ನಲ್ಲಿ ವಿಡಿಯೊ ಓಡಲು ಹಿಂಬಾಲಕರು ಬೇಕೆಂದಿಲ್ಲ. ಮೊದಲು ನೋಡಿದವರು ಪೂರ್ತಿ ನೋಡಿದರೇ, ಕಾಮೆಂಟ್ ಹಾಕಿದರೇ, ಇತರರಿಗೆ ಕಳಿಸಿದರೇ ಎಂದು ನೋಡಿಕೊಂಡು ಆ್ಯಪ್ ಅದನ್ನು ಇನ್ನಷ್ಟು ಜನರ ಮುಂದೆ ಇಡುತ್ತದೆ. ಹಾಗಾಗಿ ಸಾವಿರಾರು ಖಾತೆಗಳು ಹೊಸ ವಿಡಿಯೊ ಮಾಡಬೇಕಿಲ್ಲ. ಆಗಲೇ ಓಡುತ್ತಿರುವ ವಿಡಿಯೊಗಳ ಕೆಳಗೆ ಒಂದೇ ಹೆಸರು ಬರೆಯುತ್ತ ಹೋದರೆ ಸಾಕು.

ನಡೆದದ್ದೂ ಅದೇ. ನೂರಕ್ಕೂ ಹೆಚ್ಚು ಇನ್‌ಫ್ಲುಯೆನ್ಸರ್‌ಗಳಿಗೆ ಒಂದು ಮಧ್ಯವರ್ತಿ ತಾಣದ ಮೂಲಕ ಕೆಲಸ ಸಿಕ್ಕಿತ್ತು. ದೇಶಕ್ಕೆ ಎಂಥ ಅಧ್ಯಕ್ಷ ಬೇಕು ಎಂದು ಹೇಳಬೇಕು, ಯಾರ ಹೆಸರನ್ನೂ ಎತ್ತಬಾರದು, ಕೊಟ್ಟ ಹ್ಯಾಷ್‌ಟ್ಯಾಗ್ ಹಾಕಬೇಕು. ಮೇಕಪ್ ಮಾಡುತ್ತ ಮಾತಾಡುವವರು, ಅಡುಗೆ ತೋರಿಸುವವರು ಹೇಳಿದಂತೆ ಮಾಡಿದರು. ‘ಹಾಗಾದರೆ ಯಾರು?’ ಎಂಬ ಜಾಗ ಖಾಲಿ ಇತ್ತು. ಕಾಮೆಂಟುಗಳು ಅದನ್ನು ಜಾರ್ಜೆಸ್ಕು ಹೆಸರಿನಿಂದ ತುಂಬಿದವು. ದುಡ್ಡು ಕೊಟ್ಟವರು ಯಾರು? ರಾಷ್ಟ್ರೀಯ ಲಿಬರಲ್ ಪಕ್ಷ ಎಂದು ‘ಸ್ನೂಪ್’ ಎಂಬ ತನಿಖಾ ಸುದ್ದಿತಾಣ ಡಿಸೆಂಬರ್‌ನಲ್ಲೇ ವರದಿ ಮಾಡಿತು. ತಾನು ಜಾರ್ಜೆಸ್ಕು ಪರವಾಗಿ ಕೊಟ್ಟಿದ್ದಲ್ಲ ಎಂದಿತು ಪಕ್ಷ. ಅದರ ಸ್ವಂತ ಅಭ್ಯರ್ಥಿ ನಿಕೊಲಾಯೆ ಚುಕಾ ಐದನೆಯವರಾಗಿ ಬಂದಿದ್ದರು!

ಈ ಅಭ್ಯಾಸದ ಬೇರು ಟಿವಿಯಲ್ಲಿದೆ. ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಕಾಲದ ಕೊನೆಯ ವರ್ಷಗಳಲ್ಲಿ ವಾರದ ದಿನಗಳಲ್ಲಿ ಟಿವಿ ಬರುತ್ತಿದ್ದದ್ದು ಎರಡೇ ತಾಸು. 1990ರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದವು, ಅವುಗಳ ಜತೆ ರಾಜಕೀಯ ನಂಟಿನ ಮಾಲೀಕರೂ ಬಂದರು. 2009ರ ಅಧ್ಯಕ್ಷೀಯ ಚುನಾವಣೆಯ ಚರ್ಚೆಯಲ್ಲಿ ಆಗಿನ ಅಧ್ಯಕ್ಷ ತ್ರಯಾನ್ ಬಸೆಸ್ಕು ತಮ್ಮ ಎದುರಾಳಿ ಮಿರ್ಚಾ ಜೊವಾನಾ ಅವರನ್ನು ಸಿಕ್ಕಿಹಾಕಿಸಿದ್ದು, ಹಿಂದಿನ ರಾತ್ರಿ ಒಬ್ಬ ಮಾಧ್ಯಮ ಉದ್ಯಮಿಯ ಮನೆಗೆ ಹೋಗಿದ್ದಿರಾ ಎಂಬ ಪ್ರಶ್ನೆಯಿಂದ. ಬಸೆಸ್ಕು ಗೆದ್ದದ್ದು ಸುಮಾರು 70 ಸಾವಿರ ಮತಗಳಿಂದ. ಮುಂದೆ ಪಕ್ಷಗಳು ಖಜಾನೆಯಿಂದ ಬಂದ ಅನುದಾನವನ್ನೇ ಪತ್ರಿಕೆ, ಟಿವಿಗಳಿಗೆ ಸುರಿದವು. ಜಾಹೀರಾತು ಎಂಬ ಗುರುತೇ ಇಲ್ಲದೆ ಅವು ಸುದ್ದಿಯಾಗಿ ಬಂದವು. ಇದು ನಮಗೂ ಹೊಸತಲ್ಲ, ಕಾಸಿಗಾಗಿ ಸುದ್ದಿ ಎಂದು ನಾವೇ ಕರೆಯುತ್ತೇವೆ. ಟಿಕ್‌ಟಾಕ್ ಆ ಅಂಗಡಿಯ ಬಾಗಿಲನ್ನು ಪಕ್ಷಗಳ ಹೊರಗಿನವರಿಗೂ ತೆರೆಯಿತು, ಅಷ್ಟೇ.

ನಿಯಮ ಇರಲಿಲ್ಲವೆಂದಲ್ಲ. ನಮ್ಮಲ್ಲಿ 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಪ್ರಕಾರ ಕರಪತ್ರದಲ್ಲಿ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರಬೇಕಲ್ಲ? ಅಲ್ಲಿ ಅಭ್ಯರ್ಥಿಯ ಹಣಕಾಸು ಪ್ರತಿನಿಧಿಗೆ ಚುನಾವಣಾ ಪ್ರಾಧಿಕಾರ ಒಂದು ಸಂಕೇತ ಸಂಖ್ಯೆ ಕೊಡುತ್ತದೆ. ಪೋಸ್ಟರ್ ಇರಲಿ, ವಿಡಿಯೊ ಇರಲಿ, ಅದು ಕಾಣಬೇಕು. ಆದರೆ ಯಾರ ಹೆಸರನ್ನೂ ಹೇಳದ ಅಡುಗೆ ವಿಡಿಯೊಗೆ ಯಾವ ಸಂಖ್ಯೆ ಹಾಕುತ್ತೀರಿ? ನಿಯಮ ತಪ್ಪಿಸಿಕೊಂಡದ್ದು ಇಲ್ಲೇ. 2025ರ ಜನವರಿಯ ತುರ್ತು ಸುಗ್ರೀವಾಜ್ಞೆ ಬಲೆಯನ್ನು ಅಗಲಿಸಿತು. ಆಗ ಸಾಮಾನ್ಯ ಜನರ ಪೋಸ್ಟುಗಳನ್ನೂ ತೆಗೆಯಲು ಆದೇಶ ಹೋಗಿ ಬೇರೆಯೇ ಗಲಾಟೆಯಾಯಿತು.

ಇನ್ನು ಮೊದಲ ಪ್ರಶ್ನೆ. ಖಾತೆ ನಕಲಿ ಇರಬಹುದು, ಮತಗಳು ನಕಲಿಯಲ್ಲ. ಜಾರ್ಜೆಸ್ಕು ಸ್ಪರ್ಧೆಗೆ ತಡೆ ಬಿದ್ದ ಮೇಲೆ, ಮರುಚುನಾವಣೆಯ ಮೊದಲ ಸುತ್ತಿನಲ್ಲಿ, 2025ರ ಮೇ 4ರಂದು, ಬಲಪಂಥೀಯ ಜಾರ್ಜ್ ಸಿಮಿಯೊನ್ ಅವರಿಗೆ ಶೇ 40.96 ಬಿತ್ತು. ಆಗ ಟಿಕ್‌ಟಾಕ್ ಮೇಲೆ ಯುರೋಪಿಯನ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್‌ನ ತನಿಖೆಯೇ ನಡೆದಿತ್ತು, ಎಲ್ಲರ ಕಣ್ಣೂ ಅಲ್ಲೇ ಇತ್ತು. ಮೇ 18ರ ಎರಡನೇ ಸುತ್ತಿನಲ್ಲಿ ಸುಮಾರು ಶೇ 53.6 ಮತಗಳಿಂದ ಗೆದ್ದದ್ದು ಬುಕಾರೆಸ್ಟ್ ಮೇಯರ್ ನಿಕುಶೋರ್ ಡಾನ್. ಹಳೆಯ ಪಕ್ಷಗಳ ಮೇಲಿನ ಸಿಟ್ಟು ಆ್ಯಪ್ ಹುಟ್ಟಿಸಿದ್ದಲ್ಲ. ಆ ಸಿಟ್ಟಿಗೆ ಒಂದು ಹೆಸರು ಹುಡುಕಿಕೊಟ್ಟದ್ದು ಮಾತ್ರ ಅದು.

ನಿಷೇಧದ ಮಾತಿಗೆ ಬಂದರೆ, ಭಾರತದಲ್ಲಿ 2020ರ ಜೂನ್‌ನಲ್ಲಿ ಟಿಕ್‌ಟಾಕ್ ಹೋಯಿತು, ನೋಡುವವರು ರೀಲ್ಸ್, ಶಾರ್ಟ್ಸ್‌ಗೆ ದಾಟಿದರು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಅಕ್ಟೋಬರ್ 10ರಿಂದ, ದುಡ್ಡು ಕೊಟ್ಟವರ ಹೆಸರು ತಿಳಿಸಬೇಕೆನ್ನುವ ರಾಜಕೀಯ ಜಾಹೀರಾತಿನ ಹೊಸ ನಿಯಮ ಜಾರಿಯಾಗಿದೆ. ಅದರ ಗೊಡವೆಯೇ ಬೇಡವೆಂದು ಮೆಟಾ, ಗೂಗಲ್ ಎರಡೂ ಅಲ್ಲಿ ರಾಜಕೀಯ ಜಾಹೀರಾತನ್ನೇ ನಿಲ್ಲಿಸಿವೆ. ಯಾರು ಎಷ್ಟು ಕೊಟ್ಟರೆಂದು ಅವರ ಜಾಹೀರಾತು ಕಡತದಲ್ಲಿ ಸಿಗುತ್ತಿದ್ದ ಲೆಕ್ಕವೂ ಅದರೊಂದಿಗೆ ನಿಂತಿತು. ಅಡುಗೆ ವಿಡಿಯೊ ಮಾಡುವವರ ಕೈಗೆ ಹೋಗುವ ದುಡ್ಡಿಗೆ ಅಂಥ ಕಡತ ಮೊದಲೂ ಇರಲಿಲ್ಲ.

— ಸಂಪಾದಕ